ನಾಯಿಗೆ ಪ್ರಮಾಣಪತ್ರವಿತ್ತು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಜಗಳವಾಗುವುದು ಹೆಚ್ಚಾಗಿ ಅಡಿಕೆ ಧಾರಣೆಯ ಬಗ್ಗೆ, ಇಲ್ಲವಾದರೆ ಉಪನಯನಕ್ಕೆ ಯಾರನ್ನೋ ಕರೆಯಲು ಮರೆತದ್ದರ ಬಗ್ಗೆ. ಈ ಸಲ ಬೆರಳಚ್ಚಿನ ಬಗ್ಗೆ ಆಯಿತು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ತನ್ನ ಮನೆಯಲ್ಲೇ ನೆರೆಹೊರೆಯ ಮಕ್ಕಳನ್ನು ನೋಡಿಕೊಳ್ಳುವ ಪರವಾನಗಿ ಪಡೆದು ವರ್ಷಗಳಾದವು. ಶಿರಸಿಯಿಂದ ಅವಳ ಅತ್ತೆ, ಮಾವ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋದರು. ಅಷ್ಟು ದಿನ ಮನೆಯಲ್ಲೇ ಇರುವುದಾದರೆ ಅವರಿಬ್ಬರೂ ಬೆರಳಚ್ಚು ಕೊಟ್ಟು ಪರಿಶೀಲನೆಗೆ ಒಳಪಡಬೇಕು ಎಂದು ಪರವಾನಗಿ ಕಚೇರಿಯವರು ಹೇಳಿದರಂತೆ. ಅತ್ತೆ ಹೂಂ ಎಂದರು. ಮಾವನವರು ಮಾತ್ರ ಕೆರಳಿದರು. ತೋಟ, ದೇವಸ್ಥಾನದ ಮೊಕ್ತೇಸರಿಕೆ, ಸೊಸೈಟಿಯ ನಿರ್ದೇಶಕತನ ಎಲ್ಲ ನಡೆಸಿದ ಮನುಷ್ಯನ ಮೇಲೆ ಸೊಸೆಯ ಕಸುಬಿನ ನೆಪದಲ್ಲಿ ಕಳ್ಳನಿಗೆ ಮಾಡುವ ತಪಾಸಣೆಯೇ ಎಂದು ಗುಂಪಿನಲ್ಲಿ ಉದ್ದುದ್ದ ಧ್ವನಿಸಂದೇಶಗಳು ಬಂದವು. ವೀಸಾಕ್ಕೆಂದು ಹತ್ತೂ ಬೆರಳುಗಳನ್ನು ಗಾಜಿನ ಮೇಲೆ ಒತ್ತಿದಾಗ, ಆಧಾರ್‌ಗೆಂದು ಕಣ್ಣನ್ನೂ ಕೊಟ್ಟಾಗ ಅವರಿಗೆ ಹೀಗೆನ್ನಿಸಿರಲಿಲ್ಲ. ಮಕ್ಕಳ ವಿಷಯ ಬಂದಾಗಲೇ ಅದು ಅವಮಾನವಾದದ್ದೇಕೆ ಎಂಬುದು ಅಂದಿನಿಂದ ನನ್ನನ್ನು ಕಾಡುತ್ತಿದೆ.

ಗುಂಪಿನಲ್ಲಿ ಬಹುಮತ ಮಾವನವರ ಕಡೆಗಿತ್ತು. "ಅವಳನ್ನು ಬೇಕಾದರೆ ಪರೀಕ್ಷಿಸಲಿ, ಮಕ್ಕಳನ್ನು ನೋಡಿಕೊಳ್ಳುವವಳು ಅವಳು. ಮನೆಯವರು ಏನು ಮಾಡಿದರು?" ಎಂಬುದು ವಾದದ ತಿರುಳು. ನಾನು ಏನೂ ಬರೆಯಲಿಲ್ಲ. ಏಕೆಂದರೆ ಆ "ಮನೆಯವರ" ಪೈಕಿ ನಾನೂ ಒಬ್ಬ. ಕಾರವಾರದ ಕಾಜುಬಾಗದ ನಮ್ಮ ಮನೆಯಲ್ಲಿ ನನ್ನ ಆಯಿ, ಅಂದರೆ ತಾಯಿ, ಬಹಳ ವರ್ಷ ಬೇರೆಯವರ ಮಕ್ಕಳನ್ನು ಸಾಕಿದ್ದಾಳೆ. ನಾನು ಅದೇ ಮನೆಯಲ್ಲಿ ಬೆಳೆದು, ಮೀಸೆ ಬಂದು, ಕಾಲೇಜಿಗೆ ಹೋದವನು. ಅಪ್ಪ ಇದ್ದ. ಬಂದು ಹೋಗುವ ಸೋದರಮಾವ ಇದ್ದ. ನಮ್ಮ ಮೂವರ ಬಗ್ಗೆ ಯಾರೂ ಏನೂ ಕೇಳಿದವರಲ್ಲ, ಒಬ್ಬರನ್ನು ಬಿಟ್ಟು.

ಅಜ್ಜಿ ಇಲ್ಲದ ಊರು

ಕಾರವಾರದಂಥ ಸಣ್ಣ ಊರಿನಲ್ಲಿ ಮಕ್ಕಳನ್ನು ಬಿಡುವ ಮನೆ ಏಕೆ ಬೇಕು ಎಂದು ಘಟ್ಟದ ಮೇಲಿನ ನೆಂಟರು ಕೇಳುತ್ತಿದ್ದರು. ಊರು ಸಣ್ಣದು ನಿಜ, ಆದರೆ ಇಲ್ಲಿ ಬಂದು ನೆಲೆಸಿದವರ ಅಜ್ಜಿಯರು ಇಲ್ಲಿಲ್ಲ. ಅರಗಾದ ಕಡೆ ಸೀಬರ್ಡ್ ನೌಕಾನೆಲೆ, ಆಚೆ ಕೈಗಾ ಅಣುಸ್ಥಾವರ, ಅದರ ನೌಕರರಿಗೆ ಮಲ್ಲಾಪುರದ ಟೌನ್‌ಶಿಪ್, ಜಿಲ್ಲಾಕೇಂದ್ರವಾದ್ದರಿಂದ ಬ್ಯಾಂಕು, ಕೋರ್ಟು, ಕಚೇರಿಗಳು. ಎಲ್ಲಿಂದಲೋ ವರ್ಗವಾಗಿ ಬಂದ ಗಂಡ, ಹೆಂಡತಿ, ಕಂಕುಳಲ್ಲಿ ಕೂಸು. ಅಂಗನವಾಡಿಗೆ ಮೂರು ವರ್ಷ ತುಂಬಬೇಕು, ಅದೂ ಕಚೇರಿ ಬಿಡುವ ಮೊದಲೇ ಮುಗಿಯುತ್ತದೆ. ಈಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ಕೂಸಿನ ಮನೆಗಳಾದವು. ಪೇಟೆಯ ಬ್ಯಾಂಕ್ ಗುಮಾಸ್ತೆಗೆ ಅದು ಒದಗುವುದಿಲ್ಲ. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ತಂದ ನಿಯಮದಂತೆ 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನಾ ಕೇಂದ್ರ ಒದಗಿಸಬೇಕು. ನಾಲ್ಕೈದು ಜನರ ಶಾಖೆಗೆ ಅದೂ ಅನ್ವಯಿಸದು. ಹಾಗಾಗಿ ಉಳಿಯುವುದು ಯಾರದೋ ಮನೆಯ ಹಾಲ್, ಅಲ್ಲೊಂದು ಚಾಪೆ, ಒಂದು ತೊಟ್ಟಿಲು, ಒಬ್ಬಳು ಹೆಂಗಸು.

ಆಯಿ ಇದನ್ನು ವ್ಯವಹಾರವೆಂದು ಶುರುಮಾಡಿದವಳಲ್ಲ. ಮೇಲಿನ ಮನೆಗೆ ಬಾಡಿಗೆಗೆ ಬಂದ ಬ್ಯಾಂಕಿನವರ ಕೂಸನ್ನು ಒಂದೆರಡು ತಿಂಗಳು ನೋಡಿಕೊಂಡಳು, ಅವರು ತಮ್ಮ ಸಹೋದ್ಯೋಗಿಗೆ ಹೇಳಿದರು, ಹಾಗೆ ಬೆಳೆಯಿತು. ಹೊಸ ತಾಯಂದಿರು ಮೊದಲ ಸಲ ಬಂದಾಗ ಕೇಳುತ್ತಿದ್ದ ಪ್ರಶ್ನೆಗಳು ನನಗೆ ಬಾಯಿಪಾಠವಾಗಿದ್ದವು. ಕುಡಿಯುವ ನೀರು ಕುದಿಸುತ್ತೀರಾ? ಟಿವಿ ತೋರಿಸುತ್ತೀರಾ? ಬಾವಿಗೆ ಕಟ್ಟೆ ಎಷ್ಟೆತ್ತರ? ಮಧ್ಯಾಹ್ನ ಎಷ್ಟು ಹೊತ್ತು ಮಲಗಿಸುತ್ತೀರಿ? ಮತ್ತು ತಪ್ಪದೇ, ನಾಯಿ ಕಚ್ಚುತ್ತದೆಯೇ? ನಮ್ಮ ಮನೆಯಲ್ಲಿ ಆಗ ಒಂದು ಕಂದು ನಾಯಿ ಇತ್ತು. ಮಕ್ಕಳನ್ನು ಕಂಡರೆ ತಾನೇ ಎದ್ದು ಮಂಚದ ಕೆಳಗೆ ಹೋಗುವಷ್ಟು ಸಾಧು. ಆದರೂ ಆಯಿ ಪಶು ಆಸ್ಪತ್ರೆಯವರು ಕೊಟ್ಟ ರೇಬಿಸ್ ಲಸಿಕೆಯ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನ ಮೇಲ್ಗಡೆ ಇಟ್ಟಿದ್ದಳು. ಕೇಳಿದವರಿಗೆ ತೆಗೆದು ತೋರಿಸುತ್ತಿದ್ದಳು. ದಿನಾಂಕ ನೋಡಿ ಸಮಾಧಾನಪಟ್ಟವರು ಎದುರಿಗೆ ಪೇಪರು ಓದುತ್ತ ಕುಳಿತ ಅಪ್ಪನನ್ನಾಗಲಿ, ಒಳಗಿನ ಕೋಣೆಯಲ್ಲಿ ಬಿದ್ದುಕೊಂಡಿದ್ದ ನನ್ನನ್ನಾಗಲಿ ತಿರುಗಿಯೂ ನೋಡುತ್ತಿರಲಿಲ್ಲ. ಮನೆಯಲ್ಲಿ ಕಾಗದಪತ್ರ ಸರಿಯಿದ್ದ ಗಂಡುಪ್ರಾಣಿ ಅದೊಂದೇ.

ನಮ್ಮ ಬಗ್ಗೆ ಕೇಳಿದವಳು ಒಬ್ಬಳೇ, ನೌಕಾಪಡೆಯವರ ಹೆಂಡತಿ, ಹರಿಯಾಣದ ಕಡೆಯವಳು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಯುವ ಪೋಕ್ಸೊ ಕಾಯ್ದೆ ಜಾರಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಜಿಟಿಜಿಟಿ ಮಳೆಯ ಸಂಜೆ ಕೊಡೆ ಮಡಚಿ ಒಳಗೆ ಬಂದಳು, ಮಗುವಿಗೆ ಇನ್ನೂ ವರ್ಷ ತುಂಬಿರಲಿಲ್ಲ. ಚಹಾ ಕುಡಿದಳು, ಅಡುಗೆಮನೆ ನೋಡಿದಳು, ನಾಯಿಯ ಕಡೆ ಗಮನವನ್ನೇ ಕೊಡಲಿಲ್ಲ. ಆಮೇಲೆ ಹಿಂದಿಯಲ್ಲಿ, ಬಹಳ ಸಹಜವಾಗಿ, "ಆಂಟಿ, ಮನೆಯಲ್ಲಿ ಇನ್ನು ಯಾರು ಯಾರು ಇರುತ್ತಾರೆ?" ಎಂದಳು. ಆಯಿ ತನ್ನ ಮುರುಕು ಹಿಂದಿಯಲ್ಲಿ ಗಂಡ, ಮಗ ಎಂದಳು. ಮಗನಿಗೆ ವಯಸ್ಸೆಷ್ಟು, ಹಗಲು ಮನೆಯಲ್ಲಿರುತ್ತಾನೆಯೇ, ಬೇರೆ ಯಾರಾದರೂ ಬಂದು ಉಳಿಯುವುದಿದೆಯೇ ಎಂದು ಕೇಳುತ್ತ ಹೋದಳು. ಕೊನೆಗೆ ಎಲ್ಲರ ಆಧಾರ್ ನಕಲು ಸಿಗಬಹುದೇ, ತಮ್ಮವರು ಪೊಲೀಸ್ ಠಾಣೆಯಲ್ಲಿ ವಿಚಾರಿಸಲು ಕೊಡುತ್ತಾರೆ ಎಂದಳು. ಪಾತ್ರೆ ತೊಳೆಯುವವಳಿಗೂ ತಮ್ಮ ವಸತಿಗೃಹದೊಳಗೆ ಬರಲು ಪಾಸು ಬೇಕು, ಅದಕ್ಕೆ ಪರಿಶೀಲನೆ ಆಗಲೇಬೇಕು, ಅದೇ ರೀತಿ ಇದೂ ಎಂಬುದು ಅವಳ ಲೆಕ್ಕ. ಅವಳ ಮುಖದಲ್ಲಿ ಸಂಶಯದ ಗೆರೆಯೂ ಇರಲಿಲ್ಲ ಎಂಬುದು ಈಗಲೂ ನೆನಪಿದೆ. ಗ್ಯಾಸ್ ಸಿಲಿಂಡರ್ ಎಲ್ಲಿಡುತ್ತೀರಿ ಎಂದು ಕೇಳಿದ ಧ್ವನಿಯಲ್ಲೇ ಇದನ್ನೂ ಕೇಳಿದ್ದಳು.

ಅಪ್ಪ ಪೇಪರು ಮಡಚಿ ಎದ್ದು ಹೋದ. ಆಯಿ ಮುಖ ಸಣ್ಣದು ಮಾಡಿಕೊಂಡು, ಸದ್ಯಕ್ಕೆ ಜಾಗವಿಲ್ಲ ಎಂದುಬಿಟ್ಟಳು. ರಾತ್ರಿ ಊಟದ ಹೊತ್ತಿಗೆ ಅಪ್ಪ, "ನಾವೇನು ಬಾಂಬು ಇಟ್ಟುಕೊಂಡಿದ್ದೇವೆಯೇ?" ಎಂದು ಒಂದೇ ಮಾತು ಹೇಳಿ ಮುಗಿಸಿದ. ನನಗೆ ಆಗ ಕೋಪಕ್ಕಿಂತ ಹೆಚ್ಚಾಗಿ ಒಂದು ಬಗೆಯ ಕುತೂಹಲ. ಹುಟ್ಟಿದಂದಿನಿಂದ ಆ ಮನೆಯಲ್ಲಿದ್ದ ನಾನು ಮೊದಲ ಬಾರಿಗೆ ಹೊರಗಿನವರ ಕಣ್ಣಿನಿಂದ ಒಬ್ಬ ವಯಸ್ಸಿಗೆ ಬಂದ ಗಂಡಸಾಗಿ ಕಂಡಿದ್ದೆ. ಮನೆಯಲ್ಲಿ ನಾನಿನ್ನೂ "ಮಾಣಿ"ಯೇ, ಸಣ್ಣ ಹುಡುಗನೇ ಆಗಿದ್ದೆ.

ಕಾಗದ ಹೇಳುವುದೇನು

ಕ್ಯಾಲಿಫೋರ್ನಿಯಾದ ತಂಗಿಯ ಪ್ರಕರಣದ ನಂತರ ಅಲ್ಲಿನ ನಿಯಮಗಳನ್ನು ಓದಿದೆ. ಅಮೆರಿಕದಲ್ಲಿ ಮಕ್ಕಳ ಪಾಲನೆಗೆ ಕೇಂದ್ರದ ಅನುದಾನ ಕೊಡುವ ಕಾಯ್ದೆಗೆ 2014ರಲ್ಲಿ ಹೊಸ ರೂಪ ಬಂತು. ಅದರ ಜಾರಿಗೆಂದು 2016ರಲ್ಲಿ ಹೊರಬಿದ್ದ ನಿಯಮಗಳು, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವುದಾದರೆ ಆ ಮನೆಯಲ್ಲಿ ವಾಸಿಸುವ 18 ತುಂಬಿದ ಎಲ್ಲರ ಪರಿಶೀಲನೆಯೂ ಆಗಬೇಕು ಎಂದು ಸ್ಪಷ್ಟವಾಗಿ ಹೇಳಿದವು. ಎಫ್‌ಬಿಐ ಬೆರಳಚ್ಚು ದಾಖಲೆ, ರಾಜ್ಯದ ಅಪರಾಧ ದಾಖಲೆ, ಲೈಂಗಿಕ ಅಪರಾಧಿಗಳ ಪಟ್ಟಿ, ಮಕ್ಕಳ ಮೇಲಿನ ದೌರ್ಜನ್ಯದ ಪಟ್ಟಿ ಎಲ್ಲವನ್ನೂ ನೋಡುತ್ತಾರೆ. ಹಿಂದಿನ ಐದು ವರ್ಷಗಳಲ್ಲಿ ಬೇರೆ ರಾಜ್ಯಗಳಲ್ಲಿ ಇದ್ದಿದ್ದರೆ ಅಲ್ಲಿನದೂ ಬೇಕು. ಐದು ವರ್ಷಕ್ಕೊಮ್ಮೆಯಾದರೂ ಮತ್ತೆ ಆಗಬೇಕು. ಇಂಗ್ಲೆಂಡಿನಲ್ಲಿ ವಯಸ್ಸಿನ ಗೆರೆ ಇನ್ನೂ ಕೆಳಗಿದೆ: ಮನೆಯಲ್ಲಿರುವ 16 ತುಂಬಿದವರೆಲ್ಲ ಲೆಕ್ಕಕ್ಕೆ ಬರುತ್ತಾರೆ. ತಂಗಿಯ ದೊಡ್ಡ ಮಗನಿಗೆ 18 ತುಂಬಿದಾಗ ಕೇಕಿನ ಜತೆ ಬೆರಳಚ್ಚಿನ ಅರ್ಜಿಯೂ ಮೇಜಿನ ಮೇಲಿತ್ತಂತೆ. ಅವನು ಅದನ್ನು ತಮಾಷೆಯಾಗಿ ತೆಗೆದುಕೊಂಡ, ಅವನ ಗೆಳೆಯರ ಮನೆಗಳಲ್ಲೂ ಅದು ಇದ್ದದ್ದೇ.

ನಮ್ಮಲ್ಲಿ ಏನೂ ಇಲ್ಲವೆಂದಲ್ಲ. 2020ರ ಪೋಕ್ಸೊ ನಿಯಮಗಳು ಶಾಲೆ, ಶಿಶುಪಾಲನಾ ಕೇಂದ್ರ, ಕ್ರೀಡಾ ಅಕಾಡೆಮಿ ಹೀಗೆ ಮಕ್ಕಳ ಒಡನಾಟವಿರುವ ಸಂಸ್ಥೆಗಳೆಲ್ಲ ತಮ್ಮ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಆಗಾಗ ಮಾಡಿಸಬೇಕೆಂದು ಹೇಳುತ್ತವೆ. ಕಾಯಂ ನೌಕರರು, ಗುತ್ತಿಗೆಯವರು ಎಲ್ಲರೂ ಅದರೊಳಗೆ ಬರುತ್ತಾರೆ. ಬರದವನು ಯಾರೆಂದರೆ ನನ್ನ ಅಪ್ಪ. ಅವನು ಆಯಿಯ ಸಿಬ್ಬಂದಿಯಲ್ಲ, ಗಂಡ. ಹಾಲ್‌ನಲ್ಲಿ ಮಕ್ಕಳಿರುವಾಗ ಅಲ್ಲೇ ಕಾಲು ಚಾಚಿ ಮಲಗುವ ಹಕ್ಕು ಅವನಿಗೆ ಯಾವ ನೇಮಕಾತಿ ಪತ್ರದಿಂದಲೂ ಬಂದದ್ದಲ್ಲ. 2018ರಿಂದ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶವೂ ಇದೆ, ಆದರೆ ಅದನ್ನು ನೋಡುವ ಅಧಿಕಾರ ಪೊಲೀಸರಂಥ ಸಂಸ್ಥೆಗಳಿಗೆ ಮಾತ್ರ. ತಾಯಿಯೊಬ್ಬಳು ತೆರೆದು ನೋಡುವಂತಿಲ್ಲ. (ತೆರೆದಿಟ್ಟರೆ ಹೆಸರು ಹೋಲುವ ಅಮಾಯಕನ ಮನೆಗೆ ಕಲ್ಲು ಬೀಳುವ ಭಯ ನನಗೂ ಇದೆ, ಆ ಮಾತು ಬೇರೆ.)

ವಿಚಿತ್ರವೆಂದರೆ, ಪರಿಶೀಲನೆ ಎಂಬುದು ಕಾರವಾರದ ಜನಕ್ಕೆ ಹೊಸದೇ ಅಲ್ಲ. ಕೈಗಾದೊಳಗೆ ಗುತ್ತಿಗೆಯಲ್ಲಿ ಬಣ್ಣ ಬಳಿಯಲು ಹೋಗುವ ಹುಡುಗನಿಗೂ ಪೊಲೀಸ್ ಪ್ರಮಾಣಪತ್ರವಿಲ್ಲದೆ ಗೇಟ್ ಪಾಸ್ ಆಗುವುದಿಲ್ಲ. ನೌಕಾನೆಲೆಯ ಕೆಲಸಕ್ಕೂ ಅಷ್ಟೇ. ಅದರಿಂದ ಮಾನ ಹೋಯಿತೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಬದಲು, ಪಾಸು ಕೊರಳಿಗೆ ನೇತುಹಾಕಿಕೊಂಡೇ ಪೇಟೆಗೆ ಬರುತ್ತಾರೆ. ಯುರೇನಿಯಂ ಪಕ್ಕ ನಿಲ್ಲಲು ಬೇಕಾದ ಕಾಗದ, ಕೂಸಿನ ಪಕ್ಕ ಕೂರಲು ಬೇಕು ಎಂದಾಗ ಮಾತ್ರ ಬೈಗುಳದಂತೆ ಕೇಳಿಸುತ್ತದೆ. ಸ್ಥಾವರದ ಗೇಟಿನಲ್ಲಿ ಪ್ರಶ್ನೆ ಎಲ್ಲರಿಗೂ ಇರುವುದರಿಂದ ಅದು ಯಾರನ್ನೂ ಚುಚ್ಚುವುದಿಲ್ಲ. ನಮ್ಮ ಹಾಲ್‌ನಲ್ಲಿ ಅದನ್ನು ಒಬ್ಬಳೇ ಹೆಂಗಸು, ತನ್ನ ಬಾಯಿಂದ, ಚಹಾ ಕೊಟ್ಟವಳ ಗಂಡನ ಎದುರಿಗೇ ಕೇಳಬೇಕಾಯಿತು. ಅಷ್ಟು ಧೈರ್ಯ ಎಲ್ಲ ತಾಯಂದಿರಿಗೂ ಇರಬೇಕೆಂದು ಬಯಸುವುದೇ ಅನ್ಯಾಯ. ನಿಯಮದ ಉಪಯೋಗ ನನಗೆ ಕಾಣುವುದು ಇಲ್ಲಿ: ಕೇಳುವ ಭಾರವನ್ನು ಅದು ತಾಯಿಯ ತಲೆಯಿಂದ ಇಳಿಸುತ್ತದೆ.

ಆದರೆ ಕಾಗದದ ಬಗ್ಗೆ ನನಗೆ ದೊಡ್ಡ ಭ್ರಮೆಗಳಿಲ್ಲ. ಶಿರಸಿಯ ಹಿರಿಯರ ವಿಷಯವನ್ನೇ ನೋಡಿ. ಶಿರಸಿ, ಸಿದ್ದಾಪುರದ ಸೀಮೆಯಲ್ಲಿ ಅವರ ಮೂರು ತಲೆಮಾರಿನ ಸುದ್ದಿ ಗೊತ್ತಿಲ್ಲದ ಮನೆಯಿಲ್ಲ. ಎಫ್‌ಬಿಐ ದಾಖಲೆಯಲ್ಲಿ ಅವರ ಬಗ್ಗೆ ಒಂದಕ್ಷರವಿಲ್ಲ. ಅಲ್ಲಿ ಹುಡುಕಿದರೆ ಸಿಗುವುದು ಖಾಲಿ ಹಾಳೆ, ಅದರರ್ಥ ಅವರು ಸಜ್ಜನರೆಂದೂ ಅಲ್ಲ, ಅಲ್ಲವೆಂದೂ ಅಲ್ಲ. ಇಲ್ಲಿಯ ಠಾಣೆಯಲ್ಲಿ ಹುಡುಕಿದರೂ ಸ್ಥಿತಿ ಹೆಚ್ಚು ಬೇರೆಯಾಗದು. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳ ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಬಹುತೇಕರು ಅದನ್ನು ಯಾರಿಗೂ ಹೇಳಿರಲೇ ಇಲ್ಲ. ಪೊಲೀಸರವರೆಗೆ ಬಂದ ಪ್ರಕರಣಗಳನ್ನು ನೋಡಿದರೂ, ಮಕ್ಕಳ ಮೇಲಿನ ಅತ್ಯಾಚಾರದಲ್ಲಿ ಶೇಕಡಾ 90ಕ್ಕೂ ಹೆಚ್ಚು ಆರೋಪಿಗಳು ಮಗುವಿಗೆ ಪರಿಚಿತರೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವರದಿಗಳು ವರ್ಷ ವರ್ಷವೂ ಹೇಳುತ್ತಿವೆ. ಪರಿಚಿತನ ಮೇಲೆ ದೂರು ಕೊಡುವ ಪದ್ಧತಿ ನಮ್ಮ ಮನೆಗಳಲ್ಲಿಲ್ಲ. ದೂರಿಲ್ಲದಿದ್ದರೆ ದಾಖಲೆಯಿಲ್ಲ, ದಾಖಲೆಯಿಲ್ಲದಿದ್ದರೆ ಪ್ರಮಾಣಪತ್ರ ಹಾಲಿನಷ್ಟು ಬಿಳಿ.

ಇನ್ನೊಂದು ಬದಿಯೂ ಇದೆ. ನಮ್ಮ ಜಿಲ್ಲೆಯಲ್ಲಿ ಠಾಣೆಯ ಪುಸ್ತಕದಲ್ಲಿ ಹೆಸರಿರುವವರೆಲ್ಲ ಯಾರು? 1930ರಲ್ಲಿ ಪರಿಶೀಲನೆ ನಡೆಸಿದ್ದರೆ ಉಪ್ಪು ತೆಗೆದ, ಕಂದಾಯ ಕೊಡದ ಅಂಕೋಲೆ, ಸಿದ್ದಾಪುರದ ಮನೆಗಳಲ್ಲಿ ತೊಟ್ಟಿಲು ತೂಗಲು ಯೋಗ್ಯರೇ ಸಿಗುತ್ತಿರಲಿಲ್ಲ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆಯನ್ನು ವಿರೋಧಿಸಿ ಬೈತಖೋಲದ ಮೀನುಗಾರರು ಬೀದಿಗಿಳಿದರು, ಪೊಲೀಸರು ಹಲವರನ್ನು ವಶಕ್ಕೆ ತೆಗೆದುಕೊಂಡರು. ಅಂಥ ಮನೆಯ ಹೆಂಗಸೊಬ್ಬಳು ನಾಳೆ ಮಕ್ಕಳನ್ನು ನೋಡಿಕೊಳ್ಳಲು ಹೊರಟರೆ "ಅವಳ ಗಂಡನ ಮೇಲೆ ಕೇಸಿದೆಯಂತೆ" ಎಂಬ ಒಂದೇ ಮಾತು ಸಾಕು, ಯಾವ ಕೇಸು ಎಂದು ಯಾರು ಕೇಳುತ್ತಾರೆ? ಅಮೆರಿಕದ ಕಾಯ್ದೆಯಲ್ಲಿ ನನಗೆ ಹಿಡಿಸಿದ್ದು ಇದೇ ಭಾಗ. ಯಾವ ಅಪರಾಧಕ್ಕೆ ಬಾಗಿಲು ಮುಚ್ಚುತ್ತದೆ ಎಂದು ಅದು ಹೆಸರಿಟ್ಟು ಹೇಳುತ್ತದೆ: ಕೊಲೆ, ಮಕ್ಕಳ ಮೇಲಿನ ಅಪರಾಧ, ಹೆಂಡತಿಯನ್ನೋ ಗಂಡನನ್ನೋ ಹಿಂಸಿಸಿದ್ದು, ಅತ್ಯಾಚಾರ, ಅಪಹರಣ, ಬೆಂಕಿ ಇಟ್ಟದ್ದು, ಹಲ್ಲೆ. ಮಾದಕವಸ್ತುವಿನ ಗಂಭೀರ ಅಪರಾಧವಾದರೆ ಹಿಂದಿನ ಐದು ವರ್ಷದ್ದು ಮಾತ್ರ. ವರದಿ ತಪ್ಪಿದ್ದರೆ ಪ್ರಶ್ನಿಸುವ ದಾರಿಯೂ ಇದೆ. ಹೆಂಡತಿಗೆ ಹೊಡೆದದ್ದನ್ನು ಮಕ್ಕಳ ಸುರಕ್ಷತೆಯ ಲೆಕ್ಕದಲ್ಲಿ ಹಿಡಿದದ್ದನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮಲ್ಲಿ ಅದು "ಮನೆಯ ಒಳಗಿನ ವಿಷಯ".

ಆಯಿಯ ನಿಯಮಗಳು

ಸೋದರಮಾವನ ಬಗ್ಗೆ ಬರೆಯದೆ ಇದನ್ನು ಮುಗಿಸಲಾರೆ. ಆಯಿಯ ಕಿರಿಯ ತಮ್ಮ. ಎಲ್ಲೂ ನೆಲೆ ನಿಲ್ಲದೆ ಒಂದಷ್ಟು ದಿನ ಹುಬ್ಬಳ್ಳಿ, ಒಂದಷ್ಟು ದಿನ ಗೋವಾ ಎಂದು ತಿರುಗುತ್ತಿದ್ದ. ಕೈ ಖಾಲಿಯಾದಾಗ ನಮ್ಮಲ್ಲಿಗೆ ಬರುತ್ತಿದ್ದ. ಒಳ್ಳೆಯ ಮಾತುಗಾರ, ಯಕ್ಷಗಾನದ ಪದ ಹೇಳುತ್ತಿದ್ದ, ಮಕ್ಕಳು ಅವನ ಬೆನ್ನು ಬಿಡುತ್ತಿರಲಿಲ್ಲ. ಅವನು ಬಂದ ದಿನ ಮನೆಯ ವ್ಯವಸ್ಥೆ ಬದಲಾಗುತ್ತಿತ್ತು. ಚಾಪೆ, ತೊಟ್ಟಿಲು ಹಾಲ್‌ನಿಂದ ಅಡುಗೆಮನೆಯ ಪಕ್ಕದ ಕೋಣೆಗೆ ಹೋಗುತ್ತಿದ್ದವು. ಮಧ್ಯಾಹ್ನದ ಹೊತ್ತು ಆಯಿ ಅವನನ್ನು ಏನಾದರೂ ನೆಪ ಮಾಡಿ ಪೇಟೆಗೆ ಕಳಿಸುತ್ತಿದ್ದಳು: ಎಣ್ಣೆ, ತೆಂಗಿನಕಾಯಿ, ಕರೆಂಟ್ ಬಿಲ್ಲು. ಮಕ್ಕಳನ್ನು ತೊಳೆಸಲು, ಬಟ್ಟೆ ಬದಲಿಸಲು ಬೇರೆ ಯಾರೂ ಕೈ ಹಚ್ಚುವಂತಿರಲಿಲ್ಲ. ಆ ನಿಯಮ ನನಗೂ ಅಪ್ಪನಿಗೂ ಸದಾ ಇದ್ದದ್ದೇ. ಆದರೆ ಅವನು ಬಂದಾಗ ಮಕ್ಕಳನ್ನು ಮಾಳಿಗೆಗೆ ಕರೆದೊಯ್ಯುವುದಕ್ಕೆ, ಮಡಿಲಲ್ಲಿ ಕೂರಿಸಿಕೊಳ್ಳುವುದಕ್ಕೂ ಅಡ್ಡಿ. "ಕೂಸಿಗೆ ಸೆಕೆಯಾಗುತ್ತದೆ, ಕೆಳಗೆ ಬಿಡು" ಎನ್ನುತ್ತಿದ್ದಳು. ಯಾಕೆಂದು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಅವನ ಮೇಲೆ ಯಾವ ದೂರೂ ಇರಲಿಲ್ಲ. ಯಾವ ಠಾಣೆಯಲ್ಲಿ ವಿಚಾರಿಸಿದ್ದರೂ ಒಳ್ಳೆಯ ನಡತೆಯ ಪ್ರಮಾಣಪತ್ರ ಅವನಿಗೆ ಸಿಗುತ್ತಿತ್ತು.

ಆಯಿಗೆ ಏನು ಗೊತ್ತಿತ್ತೋ ನನಗಿನ್ನೂ ತಿಳಿದಿಲ್ಲ. ಬರಿಯ ಎಚ್ಚರವೂ ಇದ್ದೀತು, ಎಂದೋ ಕೇಳಿದ ಮಾತೂ ಇದ್ದೀತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರು ಈ ಪರಿಶೀಲನೆಯನ್ನು ಹಿಂದಿನಿಂದಲೂ ಮಾಡುತ್ತ ಬಂದಿದ್ದಾರೆ ಎಂದು ನನಗನ್ನಿಸುತ್ತದೆ. ಯಾರ ಪಕ್ಕ ಮಕ್ಕಳನ್ನು ಮಲಗಿಸಬಾರದು, ಯಾವ ನೆಂಟ ಬಂದಾಗ ಹೆಣ್ಣುಮಕ್ಕಳಿಗೆ ಅಡುಗೆಮನೆಯಲ್ಲಿ ಕೆಲಸ ಹೇಳಬೇಕು ಎಂಬುದೆಲ್ಲ ಅತ್ತೆಯಿಂದ ಸೊಸೆಗೆ, ಅಕ್ಕನಿಂದ ತಂಗಿಗೆ ಕಣ್ಸನ್ನೆಯಲ್ಲೇ ದಾಟುತ್ತದೆ. ಪೊಲೀಸರ ದಾಖಲೆಗಿಂತ ಇದು ಎಷ್ಟೋ ಸೂಕ್ಷ್ಮ. ಆದರೆ ಅದು ಆ ಮನೆಯ ಗೋಡೆಯಾಚೆ ಹೋಗುವುದಿಲ್ಲ. ಕೂಸನ್ನು ಬಿಟ್ಟು ಬ್ಯಾಂಕಿಗೆ ಓಡುವ ತಾಯಿಗೆ, ಈ ವಾರ ತೊಟ್ಟಿಲು ಯಾಕೆ ಒಳಗಿನ ಕೋಣೆಗೆ ಬಂದಿದೆ ಎಂಬುದು ಗೊತ್ತಾಗುವುದಿಲ್ಲ. ಮತ್ತು ಆಯಿಗೆ ಜ್ವರ ಬಂದು ಮಲಗಿದ ದಿನ ಆ ವ್ಯವಸ್ಥೆಯೂ ಮಲಗುತ್ತದೆ.

ಕಳೆದ ತಿಂಗಳು ಆಯಿಯನ್ನು ನೇರವಾಗಿ ಕೇಳಿದೆ, ಆ ತಾಯಂದಿರಿಗೆ ಮಾವನ ಬಗ್ಗೆ ಯಾಕೆ ಹೇಳುತ್ತಿರಲಿಲ್ಲ ಎಂದು. ಅವಳಿಗೆ ಈಗ ಮೊಣಕಾಲು ನೋವು, ಮಕ್ಕಳನ್ನು ನೋಡಿಕೊಳ್ಳುವುದನ್ನು ಬಿಟ್ಟು ಕಾಲವಾಯಿತು. "ಹೇಳಿದ್ದರೆ ಕೂಸನ್ನು ಬಿಡುತ್ತಿದ್ದರೇ? ನಿನ್ನ ಕಾಲೇಜಿನ ಫೀ ಎಲ್ಲಿಂದ ಬರುತ್ತಿತ್ತು?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಒಡಹುಟ್ಟಿದವನು. ಹೊರಗೆ ಹಾಕು ಎಂದರೆ ಎಲ್ಲಿಗೆ ಹಾಕಲಿ?" ಎಂದಳು. ತಂಗಿಯ ಊರಿನ ನಿಯಮ ವಿವರಿಸಿದೆ. ಮನೆಯಲ್ಲಿರುವವನೊಬ್ಬ ಅದರಲ್ಲಿ ತೇರ್ಗಡೆಯಾಗದಿದ್ದರೆ ಅವನು ಮನೆ ಬಿಡಬೇಕು, ಇಲ್ಲವೇ ಅವಳ ಪರವಾನಗಿ ಹೋಗಬೇಕು ಎಂದೆ. ಎರಡರಲ್ಲಿ ಯಾವುದಾದರೂ ಗೋಳು ಅವಳದೇ ತಾನೆ ಎಂದು ಆಯಿ ತಕ್ಷಣ ಹಿಡಿದಳು. ಆ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಬೆರಳಚ್ಚಿನ ಖರ್ಚಿನಿಂದ ಹಿಡಿದು ತಮ್ಮನ ಮುನಿಸಿನವರೆಗೆ ಎಲ್ಲ ಬೀಳುವುದು ಆ ಒಬ್ಬ ಹೆಂಗಸಿನ ಮೇಲೆ. ಅವನ ಮೇಲೆ ಕೇಸೇ ಇರಲಿಲ್ಲವಲ್ಲ, ಪರಿಶೀಲಿಸಿದ್ದರೂ ಏನೂ ಸಿಗುತ್ತಿರಲಿಲ್ಲ ಎಂದೂ ನಾನೇ ಹೇಳಿದೆ. ಆಯಿ ತಲೆಯಾಡಿಸಿದಳು. "ಸಿಗುವುದು ಬೇಡ. ಮನೆಯಲ್ಲಿ ಉಳಿಯುವವರೆಲ್ಲ ಠಾಣೆಯಲ್ಲಿ ಹೆಸರು ಬರೆಸಬೇಕು ಎಂದಿದ್ದರೆ ಅವನು ಬರುತ್ತಲೇ ಇರಲಿಲ್ಲ."

ನಮ್ಮ ಮಗಳಿಗೆ ಈಗ ಹತ್ತು ತಿಂಗಳು. ಹೆಂಡತಿಯ ರಜೆ ಮುಗಿಯುತ್ತಿದೆ. ಹಬ್ಬುವಾಡದಲ್ಲಿ ಒಬ್ಬ ಅಕ್ಕ ಮಕ್ಕಳನ್ನು ನೋಡಿಕೊಳ್ಳುತ್ತಾರೆಂದು ತಿಳಿದು ಹೋಗಿದ್ದೆವು. ಮನೆ ಚೊಕ್ಕವಾಗಿತ್ತು, ನಾಯಿ ಇರಲಿಲ್ಲ. ಯಾರು ಯಾರು ಇರುತ್ತಾರೆ ಎಂದು ನನ್ನ ಹೆಂಡತಿ ಕೇಳಿದಾಗ ಅವರು ಬೇಸರಿಸಲಿಲ್ಲ. ಮಗ ಕೈಗಾದಲ್ಲಿ ಗುತ್ತಿಗೆ ಕೆಲಸಕ್ಕಿದ್ದಾನೆ, ಅವನ ಪೊಲೀಸ್ ಕಾಗದ ಇದೆ, ಬೇಕಾದರೆ ತೋರಿಸುತ್ತೇನೆ ಎಂದು ತಾವಾಗಿಯೇ ಹೇಳಿದರು. ಗಂಡ ತೀರಿಕೊಂಡಿದ್ದಾರೆ. ಬಾಗಿಲ ಹಿಂದೆ ನೇತುಹಾಕಿದ ಇನ್ನೊಂದು ಅಂಗಿ ನೋಡಿ ಹೆಂಡತಿ ಅದು ಯಾರದೆಂದು ವಿಚಾರಿಸಿದಳು. ಮೈದುನನದು, ಅವನು ಲೆಕ್ಕಕ್ಕಿಲ್ಲ, ವಾರದಲ್ಲಿ ಎರಡು ದಿನ ಬಂದು ಹೋಗುತ್ತಾನೆ ಅಷ್ಟೇ ಎಂದರು. ಯಾವ ಎರಡು ದಿನ ಎಂದು ಹೆಂಡತಿ ಕೇಳಿದಳು.